ಒಂದು ಅಂಕದ ಊರು

ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಊರುಗಳಲ್ಲಿಯೂ ಮನುಷ್ಯರು ವಾಸಿಸುತ್ತಾರೆ, ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾರೆ, ತರಕಾರಿಯ ಬೆಲೆಗೆ ಗೊಣಗುತ್ತಾರೆ ಎಂಬ ಸಂಗತಿ ನನಗೆ ಬಹುಕಾಲ ಹೊಳೆದಿರಲಿಲ್ಲ. ಶಹಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ರಾಜ್ಯಶಾಸ್ತ್ರ ಬೋಧಿಸುತ್ತಿರುವ ನಾನು, ‘ದೇಶದೇಶಗಳ ವ್ಯಾಜ್ಯ ಆಲಿಸುವ ನ್ಯಾಯಾಲಯ ಯಾವ ಊರಿನಲ್ಲಿದೆ?’ ಎಂದು ವರ್ಷಕ್ಕೊಮ್ಮೆ ಕೇಳಿ, ‘ಹೇಗ್’ ಎಂದು ಬರೆದವರಿಗೆ ಒಂದು ಅಂಕ ಕೊಟ್ಟು ಮುಂದೆ ಹೋಗುವವನು. ಒಬ್ಬಿಬ್ಬರು ಪ್ರತಿವರ್ಷ ತಪ್ಪದೆ ‘ಹೇಗೆ’ ಎಂದು ಬರೆಯುತ್ತಾರೆ. ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿಸಿದ ಆ ದಾರ್ಶನಿಕರಿಗೆ ಅರ್ಧ ಅಂಕ ದಯಪಾಲಿಸುವ ಔದಾರ್ಯವೂ ನನ್ನಲ್ಲಿದೆ. ಆದರೆ ನನ್ನ ವಿದ್ಯಾರ್ಥಿನಿಯೊಬ್ಬಳು ನಿಜವಾಗಿ ಆ ಊರಿಗೇ ಹೋಗಿ, ಬಾಡಿಗೆಯ ಕೋಣೆ ಹಿಡಿದು, ಅಲ್ಲಿಂದ ನನಗೆ ಧ್ವನಿಸಂದೇಶ ಕಳಿಸತೊಡಗಿದ ಮೇಲೆ ನನ್ನ ಔದಾರ್ಯದ ಅಳತೆ ನನಗೇ ತಿಳಿಯಿತು. ಅದನ್ನು ನಿಮ್ಮೆದುರು ಹೇಳಿಕೊಳ್ಳಬೇಕೆಂದಿದ್ದೇನೆ. ಹೇಳುವಾಗ ನಾನು ಒಳ್ಳೆಯವನಾಗಿ ಕಾಣುವಂತೆ ಅಲ್ಲಲ್ಲಿ ಬಣ್ಣ ಬಳಿಯುವ ಆಸೆ ಆಗುತ್ತದೆ. ಹಾಗೆ ಕಂಡುಬಂದ ಕಡೆ ದಯವಿಟ್ಟು ನಂಬಬೇಡಿ.

ನಮ್ಮ ಪಠ್ಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಕಟ್ಟಕಡೆಯ ಅಧ್ಯಾಯ. ಚುನಾವಣೆ, ಪಕ್ಷ, ಪಂಚಾಯಿತಿಗಳನ್ನೆಲ್ಲ ದಾಟಿ ಅಲ್ಲಿಗೆ ತಲುಪುವ ಹೊತ್ತಿಗೆ ಪರೀಕ್ಷೆ ಬಾಗಿಲಲ್ಲಿ ನಿಂತಿರುತ್ತದೆ. ಹೀಗಾಗಿ ಇಡೀ ಭೂಮಂಡಲವನ್ನು ನಾನು ಆರು ಪಿರಿಯಡ್‌ಗಳಲ್ಲಿ ಮುಗಿಸುತ್ತೇನೆ. ಅದನ್ನು ಬೋಧಿಸುವ ನಾನು ಕಂಡ ಪರದೇಶವೆಂದರೆ ಗುರುಮಠಕಲ್ ದಾಟಿದರೆ ಸಿಗುವ ತೆಲುಗು ಸೀಮೆ. ಮೂವತ್ತರ ಹುಮ್ಮಸ್ಸಿನಲ್ಲಿ ಒಂದು ಪಾಸ್‌ಪೋರ್ಟ್ ಮಾಡಿಸಿದ್ದೆ. ಅದು ಎರಡು ಸಿಮ್ ಕಾರ್ಡ್ ಮತ್ತು ಒಂದು ಗ್ಯಾಸ್ ಸಿಲಿಂಡರಿಗೆ ವಿಳಾಸದ ಪುರಾವೆಯಾಗಿ ಸೇವೆ ಸಲ್ಲಿಸಿ, ಒಂದು ಮುದ್ರೆಯನ್ನೂ ಕಾಣದೆ ಅವಧಿ ಮುಗಿಸಿತು. ನವೀಕರಿಸಿದೆ. ಹೊಸದೂ ಅದೇ ಬ್ರಹ್ಮಚರ್ಯವನ್ನು ಪಾಲಿಸುತ್ತಿದೆ.

ನನಗೂ ಒಂದು ಅವಕಾಶ ಇತ್ತು ಎಂದರೆ ನಿಮಗೆ ನಗು ಬಂದೀತು. ನಾರಾಯಣಪುರದ ಜಲಾಶಯದಿಂದ ಹೊರಟ ನೀರು ಸುರಪುರ ಸೀಮೆಯನ್ನು ಹಾದು, ಕಾಲುವೆಯಿಂದ ಕಾಲುವೆಗೆ ಕವಲೊಡೆಯುತ್ತ, ಕೊನೆಗೆ ದಣಿದು ನಿಲ್ಲುವ ಜಾಗದಲ್ಲಿ ನಮ್ಮೂರಿದೆ. ಇಂಥ ಊರುಗಳನ್ನು ಇಲ್ಲಿ ಎಲ್ಲರೂ ‘ಟೇಲೆಂಡ್’ ಎನ್ನುತ್ತಾರೆ. ಮೇಲಿನ ಊರುಗಳಲ್ಲಿ ಭತ್ತ ಹಸಿರಾಗಿ ಎಷ್ಟೋ ವರ್ಷಗಳಾದ ಮೇಲೆ ನಮ್ಮ ತೂಬಿನಲ್ಲಿ ಮೊದಲ ನೀರು ಕಾಣಿಸಿತು. ನಾನು ಬಿ.ಎ. ಮುಗಿಸಿ, ದೆಹಲಿಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನೇ ಓದಲು ಪ್ರವೇಶ ಸಿಕ್ಕಿದೆ ಎಂಬ ಕಾಗದ ಹಿಡಿದು ನಿಂತದ್ದೂ ಅದೇ ಹಂಗಾಮಿನಲ್ಲಿ. ಅಪ್ಪ ಕಾಗದವನ್ನು ನೋಡಲಿಲ್ಲ, ತೂಬನ್ನೇ ನೋಡುತ್ತ ಅಂದ: “ಇಷ್ಟು ದಿವಸ ನೀರಿರಲಿಲ್ಲ, ನೀ ಇದ್ದಿ. ಈಗ ನೀರು ಬಂದಾವ, ನೀ ಹೊಂಟಿ. ಹೊಲ ಮಟ್ಟ ಮಾಡೋರು ಯಾರು?” ನಾನು ನಿಂತೆ. ಹೊಲ ಮಟ್ಟ ಮಾಡಿದೆ. ಆಮೇಲೆ ಬಿಡುವಾದಾಗ ಕಲಬುರಗಿಯಲ್ಲಿ ಎಂ.ಎ. ಮಾಡಿದೆ. ಅಪ್ಪನನ್ನು ದೂರುತ್ತಿಲ್ಲ. ಆದರೆ ಇಂದಿಗೂ ಯಾದಗಿರಿ ಸ್ಟೇಶನ್ನಿನಲ್ಲಿ ದೆಹಲಿಯ ರೈಲು ಬಂದು ನಿಂತರೆ ನಾನು ಆ ಕಡೆಗೆ ಬೆನ್ನು ಮಾಡಿ ಶೇಂಗಾ ಕೊಳ್ಳುತ್ತೇನೆ.

ಇಂಥ ನನ್ನ ತರಗತಿಗೆ ಸುಜಾತಾ ಬಂದಳು. ಸುರಪುರ ರಸ್ತೆಯ ಹಳ್ಳಿಯೊಂದರ ಹುಡುಗಿ. ತಂದೆ ಸೈದಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಕೂಲಿ; ತಾಯಿ ಭೀಮವ್ವ ಹೆಂಗಸರ ಗುಂಪಿನೊಂದಿಗೆ ಮೇಲಿನ ಊರುಗಳಿಗೆ ಭತ್ತದ ನಾಟಿಗೆ, ಕೆಳಗಿನ ಊರುಗಳಿಗೆ ಹತ್ತಿ ಬಿಡಿಸಲು ಹೋಗುವಾಕೆ. ಹುಡುಗಿ ವರ್ಷವಿಡೀ ಬಾಯಿ ಬಿಚ್ಚದೆ ಮೂರನೆಯ ಬೆಂಚಿನಲ್ಲಿ ಕುಳಿತಿದ್ದಳು. ಕೊನೆಯ ಅಧ್ಯಾಯದ ಎರಡನೆಯ ದಿನ, ಸಾರ್ವಭೌಮ ರಾಷ್ಟ್ರಗಳ ಲಕ್ಷಣಗಳನ್ನು ನಾನು ಬರೆಸುತ್ತಿದ್ದಾಗ, ಎದ್ದು ನಿಂತಳು.

“ಸರ್, ಮ್ಯಾಲಿನ ಊರವರು ತಮ್ಮ ಹೊಲದ ಕಡಿ ಗೇಟ್ ಎತ್ತಿದ್ರ ಕೆಳಗಿನ ಊರಿಗಿ ನೀರು ಬರಂಗಿಲ್ಲ. ಎರಡೂ ಊರಿಗಿ ಒಂದ ಠಾಣಾ ಅದ, ಒಬ್ಬರ ತಹಶೀಲ್ದಾರ ಅದಾರ. ಆದ್ರೂ ಜಗಳ ನಿಂದ್ರಂಗಿಲ್ಲ. ದೇಶಗಳಿಗಿ ಠಾಣಾನೂ ಇಲ್ಲ, ತಹಶೀಲ್ದಾರನೂ ಇಲ್ಲ. ಮತ್ತ ಅವು ದಿನಾ ಬಡದಾಡಲಾರದ ಹ್ಯಾಂಗ ಅದಾವ?”

ಅಂತರರಾಷ್ಟ್ರೀಯ ಸಂಬಂಧಗಳೆಂಬ ಶಾಸ್ತ್ರ ಹುಟ್ಟಿಕೊಂಡದ್ದೇ ಈ ಪ್ರಶ್ನೆಗಾಗಿ ಎಂಬುದು ನನಗೆ ಎಂ.ಎ. ಎರಡನೆಯ ವರ್ಷದಲ್ಲಿ, ಅದೂ ಪುಸ್ತಕದಲ್ಲಿ ಓದಿ ತಿಳಿದಿತ್ತು. ಈ ಹದಿನೇಳರ ಹುಡುಗಿ ಅದನ್ನು ಕಾಲುವೆಯ ದಂಡೆಯ ಮೇಲೆ ನಡೆಯುತ್ತ ಕಂಡುಕೊಂಡಿದ್ದಳು. ಒಬ್ಬ ಗುರುವಿಗೆ ಆಗ ಆನಂದವಾಗಬೇಕು. ನನಗಾಗಲಿಲ್ಲ. “ಇದು ಪರೀಕ್ಷಾಕ್ಕ ಬರಂಗಿಲ್ಲ, ಕೂಡ್ರು,” ಎಂದೆ. ಆಕೆ ಕುಳಿತಳು.

ನನ್ನ ಸಹೋದ್ಯೋಗಿ, ಇಂಗ್ಲಿಷ್ ಕಲಿಸುವ ಶಾಹೀದಾ ಮೇಡಂ, ಆ ಹುಡುಗಿಯನ್ನು ಹಾಗೆ ಕೂಡ್ರಿಸಲಿಲ್ಲ. ಪರದೇಶದಲ್ಲಿ ಪದವಿ ಓದುವವರಿಗೆ ಪೂರ್ತಿ ವಿದ್ಯಾರ್ಥಿವೇತನ ಇರುವುದನ್ನು ಹುಡುಕಿ, ಸಂಜೆ ಸಂಜೆ ಕೂತು ಅರ್ಜಿ ತುಂಬಿಸಿದರು. ಹೇಗ್ ನಗರದ ವಿಶ್ವವಿದ್ಯಾಲಯ; ವಿಷಯ ಅಂತರರಾಷ್ಟ್ರೀಯ ಸಂಬಂಧಗಳು; ಅವಧಿ ಮೂರು ವರ್ಷ. ನಾನು ಆರು ಪಿರಿಯಡ್‌ಗಳಲ್ಲಿ ಮುಗಿಸುವುದನ್ನು ಅಲ್ಲಿ ಮೂರು ವರ್ಷ ಕಲಿಸುತ್ತಾರೆ! ಅದಕ್ಕೆ ರಾಜ್ಯಶಾಸ್ತ್ರದ ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ಸುಜಾತಾ ನಮೂನೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. “ಹತ್ತು ದಿವಸದಾಗ ಬೇಕ್ರಿ ಸರ್,” ಎಂದಳು. ನಾನು ಅದನ್ನು ಮೇಜಿನ ಖಾನೆಯೊಳಗೆ, ಹಳೆಯ ಹಾಜರಾತಿ ಪುಸ್ತಕದ ಅಡಿಗೆ ಸೇರಿಸಿದೆ.

ಕೆಲಸದ ಒತ್ತಡ ಇತ್ತು ಎಂದು ಬರೆಯಲು ಹೊರಟಿದ್ದೆ. ಬೇಡ, ಇರಲಿಲ್ಲ. ದಿನಾ ಖಾನೆ ತೆಗೆಯುತ್ತಿದ್ದೆ, ನಮೂನೆ ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು ಮುಚ್ಚುತ್ತಿದ್ದೆ. ಎಂಟನೆಯ ದಿನ ಆಕೆ ಬಾಗಿಲಲ್ಲಿ ನಿಂತಾಗ, ಅವಸರದಲ್ಲಿದ್ದವನಂತೆ ನಾಲ್ಕು ಸಾಲು ಗೀಚಿ ಸಹಿ ಹಾಕಿದೆ: ಹಾಜರಾತಿ ಕ್ರಮಬದ್ಧವಾಗಿದೆ, ಸ್ವಭಾವ ವಿಧೇಯವಾಗಿದೆ, ನಡತೆ ತೃಪ್ತಿಕರವಾಗಿದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನ್ನ ಜಾಣತನ ಇದ್ದದ್ದು ಅಲ್ಲಿಯೇ. ಆಕೆ ಕೇಳಿದ ಆ ಪ್ರಶ್ನೆಯ ಬಗ್ಗೆ, ನನ್ನ ಇಡೀ ವೃತ್ತಿಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆಯ ಬಗ್ಗೆ, ಒಂದು ಮಾತನ್ನೂ ಬರೆಯಲಿಲ್ಲ. ಬರೆದಿದ್ದರೆ ಆ ಕಡೆ ಓದುವವರು ಎದ್ದು ಕೂಡುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುಜಾತಾ ಕಾಗದವನ್ನು ಅಲ್ಲಿಯೇ ಓದಿದಳೋ ಇಲ್ಲವೋ ನಾನು ನೋಡಲಿಲ್ಲ. ಕಿಟಕಿಯಾಚೆ ಬೆಟ್ಟದ ಮೇಲೆ ಬಹಳ ಆಸಕ್ತಿ ತಂದುಕೊಂಡಿದ್ದೆ. “ಥ್ಯಾಂಕ್ಯೂರಿ ಸರ್,” ಎಂದದ್ದು ಕೇಳಿಸಿತು.

ಆಕೆ ಆಯ್ಕೆಯಾದಳು. ಕಾಲೇಜಿನಲ್ಲಿ ಪೇಢೆ ಹಂಚಿದರು. ನಾನು ಸಕ್ಕರೆ ಕಾಯಿಲೆಯ ನೆವ ಹೇಳಿದೆ, ಅಷ್ಟರಮಟ್ಟಿಗೆ ಆ ಕಾಯಿಲೆ ಉಪಕಾರಿ. ಸನ್ಮಾನದಲ್ಲಿ ಆಕೆಗೆ ಶಾಲು ಹೊದಿಸಿದವನೂ, ‘ನಮ್ಮ ಮಾರ್ಗದರ್ಶನದ ಫಲ’ ಎಂದು ಭಾಷಣ ಮಾಡಿದವನೂ ನಾನೇ.

ಅಲ್ಲಿಂದ ಶುರುವಾದವು ಧ್ವನಿಸಂದೇಶಗಳು. ಭಾನುವಾರ ಮಧ್ಯಾಹ್ನ ನಾನು ಉಂಡು ಅಡ್ಡಾಗುವ ಹೊತ್ತಿಗೆ ಸರಿಯಾಗಿ ಮೊಬೈಲು ಮಿಡುಕುತ್ತಿತ್ತು. “ಸರ್, ನೀವು ಬರೀಸಿದ ಕೋರ್ಟಿನ ಮುಂದ ನಿಂತು ಮಾತಾಡಾಕತ್ತೀನಿ. ಭಾಳ ದೊಡ್ಡದದ.” “ಸರ್, ನನ್ನ ಬಾಜೂ ಕೂಡ್ರಾಕಿ ಅಪ್ಪ ರಾಯಭಾರಿ ಅದಾರ. ಅವರ ಮನ್ಯಾಗ ಊಟಕ್ಕ ಹೋಗಿದ್ದೆ, ನಾಕು ದೇಶದ ಮಂದಿ ಇದ್ರು.” “ಸರ್, ಇಲ್ಲಿನೂ ಊರ ತುಂಬಾ ಕಾಲುವಿ ಅದಾವ. ಆದ್ರ ಇವರ ಕಾಲುವಿ ನೀರು ಒಳಗ ತರಾಕಲ್ಲ, ಹೊರಗ ಹಾಕಾಕ!” ಪ್ರತಿಯೊಂದನ್ನೂ ಎರಡೆರಡು ಸಲ ಕೇಳುತ್ತಿದ್ದೆ. ಒಮ್ಮೆ ವಿಷಯಕ್ಕಾಗಿ, ಇನ್ನೊಮ್ಮೆ ಆಕೆಯ ದನಿಯಲ್ಲಿ ಎಲ್ಲಾದರೂ ಬೇಸರದ ಎಳೆ ಸಿಕ್ಕೀತೇನೋ ಎಂಬ ಆಸೆಯಿಂದ. ನನ್ನ ಮೊಬೈಲಿನಲ್ಲಿ ಶಹಾಪುರದ ಹವಾಮಾನದ ಪಕ್ಕಕ್ಕೆ ಹೇಗ್ ನಗರದ ಹವಾಮಾನವನ್ನೂ ಕೂಡಿಸಿಕೊಂಡಿದ್ದೆ. ಅಲ್ಲಿ ಸತತ ಮಳೆ, ಗಾಳಿ ಎಂದು ಕಂಡ ದಿನ ನನಗೆ ಇಲ್ಲಿನ ಬಿಸಿಲು ಹಿತವಾಗುತ್ತಿತ್ತು. ಮೊದಲ ಪ್ರಬಂಧಕ್ಕೆ ತೀರ ಕಡಿಮೆ ಅಂಕ ಬಂತೆಂದು ಆಕೆ ಅಳುದನಿಯಲ್ಲಿ ಹೇಳಿದ ಭಾನುವಾರ, “ಧೈರ್ಯದಿಂದಿರು ತಂಗಿ” ಎಂದು ಉತ್ತರ ಕಳಿಸಿ, ರಾತ್ರಿ ಊಟಕ್ಕೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡೆ. ರೊಟ್ಟಿ ಬಡಿಸಿದ ನನ್ನ ಹೆಂಡತಿ ಗಿರಿಜಾ ನನ್ನ ಮುಖವನ್ನೇ ನೋಡಿದಳು. “ಆ ಹುಡುಗಿ ಅಳಾಕತ್ತಿದ್ದಳಲ್ಲ?” ಎಂದಳು. ನಾನು ತಲೆ ಎತ್ತದೆ ಪುಂಡಿಪಲ್ಯದಲ್ಲಿ ಮಗ್ನನಾದೆ.

ಎರಡು ವರ್ಷ ಕಳೆದು, ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ, ಸುಜಾತಾ ಊರಿಗೆ ಬಂದಳು. ಕೊನೆಯ ವರ್ಷ ಆಕೆ ಒಂದು ದೀರ್ಘ ಪ್ರಬಂಧ ಬರೆಯಬೇಕಿತ್ತು. ದೇಶದೇಶಗಳ ನದಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ತಾನು ಒಂದೇ ಕಾಲುವೆಯ ಮೇಲಿನ ಊರು ಮತ್ತು ಕೆಳಗಿನ ಊರಿನ ಸಂಬಂಧದ ಬಗ್ಗೆ ಬರೆಯುತ್ತೇನೆ, ಟೇಲೆಂಡಿನ ಊರುಗಳು ನಿಮಗೆ ಪರಿಚಯ, ಜೊತೆಗೆ ಬನ್ನಿ ಎಂದಳು. ಬರುವುದಿಲ್ಲ ಎನ್ನಲು ನಾಲಿಗೆ ತಯಾರಾಗಿತ್ತು. ಆದರೆ ಇಪ್ಪತ್ತೇಳು ವರ್ಷದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ನನ್ನ ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು. ಭೀಮವ್ವನೂ ಜೊತೆಗೆ ಹೊರಟಳು. ಮೂವರೂ ಬಾಡಿಗೆಯ ಟಂಟಂ ಆಟೋ ಹತ್ತಿದೆವು.

ಮೊದಲು ಮೇಲಿನ ಊರು. ಅಲ್ಲಿನ ದೊಡ್ಡ ಒಕ್ಕಲು ಚನ್ನಬಸಪ್ಪಗೌಡರು ಭತ್ತದ ಗದ್ದೆಯ ಬದುವಿನ ಮೇಲೆ ಕಂಬಳಿ ಹಾಸಿ ಕೂಡ್ರಿಸಿದರು. ಭೀಮವ್ವ ಕಂಬಳಿಯ ತುದಿಯಲ್ಲಿ ಕೂತು, ಆ ಗದ್ದೆಯಲ್ಲಿ ತಾನು ನಾಟಿ ಮಾಡಿದ ಸಾಲುಗಳನ್ನು ಮಗಳಿಗೆ ಬೆರಳು ಮಾಡಿ ತೋರಿಸಿದಳು. ಸುಜಾತಾ ಒಪ್ಪಿಗೆಯ ಹಾಳೆಯನ್ನು ಕನ್ನಡದಲ್ಲಿ ಓದಿ, ಹೆಸರು ಹಾಕಬಹುದೇ, ಬೇಡವೇ ಎಂದು ಕೇಳಿದಳು. “ಹಾಕವ್ವ. ಫೋಟೋನೂ ಹಾಕು. ನೀರು ನಮ್ಮ ಹೊಲದ ಮುಂದ ಹೊಂಟಾವ, ನಾವೇನು ಕಣ್ಣು ಮುಚಗೊಂಡು ಕೂಡ್ರಬೇಕೇನು?” ಎಂದರು ಗೌಡರು.

ನಾನಾಗಿದ್ದರೆ ಅಲ್ಲಿಗೆ ನೀರಿನ ಸಮಾನ ಹಂಚಿಕೆಯ ಮೇಲೆ ಒಂದು ಉಪನ್ಯಾಸ ಕೊಡುತ್ತಿದ್ದೆ. ಆಕೆ ಕೇಳಿದ್ದು ಬೇರೆ.

“ಕೆಳಗಿನ ಊರಾಗ ನಿಮ್ಮ ಬೀಗರು ಅದಾರೇನ್ರಿ ಗೌಡ್ರ?”

“ಅದಾರ. ಸಣ್ಣ ಮಗಳನ್ನ ಅಲ್ಲೇ ಕೊಟ್ಟೀನಿ.”

“ಅವರಿಗಿ ನೀರು ಮುಟ್ಟಲಿಲ್ಲಂದ್ರ?”

ಗೌಡರು ಭತ್ತದ ಕಡೆ ನೋಡಿದರು, ಮೀಸೆ ಸವರಿಕೊಂಡರು. “ಮಗಳು ಫೋನ್ ಮಾಡ್ತಾಳ. ಫೋನ್ ಮಾಡಿದ್ರ ನಮ್ಮ ಕಡಿ ಗೇಟ್ ಎರಡು ದಿವಸ ಇಳಸ್ತೀವಿ. ಇದನ್ನ ಬರೀಬ್ಯಾಡ ಮತ್ತ... ಇರಲಿ, ಬರಿ.”

ನನ್ನ ಪಾಡನ್ನು ನೀವೇ ಊಹಿಸಿ. ಠಾಣೆಯಿಲ್ಲದೆ, ತಹಶೀಲ್ದಾರನಿಲ್ಲದೆ ಎರಡು ಪಕ್ಷಗಳು ಹೇಗೆ ಬಾಳುತ್ತವೆ ಎಂಬ ತನ್ನ ಹಳೆಯ ಪ್ರಶ್ನೆಗೆ ಆಕೆ ಒಂದು ತುಂಡು ಉತ್ತರವನ್ನು ಗದ್ದೆಯ ಬದುವಿನಿಂದ ಕಿತ್ತು ತೆಗೆದಿದ್ದಳು. ಅದೇ ಕಾಲುವೆಯ ತುದಿಯಲ್ಲಿ ಬಾಳಿ, ಅದೇ ಶಾಸ್ತ್ರ ಓದಿ, ನಾನು ಈ ಐವತ್ತನಾಲ್ಕು ವರ್ಷ ಯಾವ ಗೌಡರನ್ನೂ ಬೀಗರ ಬಗ್ಗೆ ಕೇಳಿರಲಿಲ್ಲ. ಆಕೆ ಹೇಗ್ ನಗರಕ್ಕೆ ಹೋದದ್ದಕ್ಕೆ ಅಸೂಯೆಪಡುವುದು ಸುಲಭವಾಗಿತ್ತು, ವಿಮಾನ, ವಿದ್ಯಾರ್ಥಿವೇತನ, ಅದೃಷ್ಟ ಎಂದು ಏನಾದರೊಂದನ್ನು ದೂರಬಹುದಾಗಿತ್ತು. ಆದರೆ ಈ ಬದುವಿಗೆ ನನ್ನ ಮನೆಯಿಂದ ಟಂಟಂ ಬರುತ್ತದೆ.

ಮರುದಿನ ಮೂವರೂ ನಮ್ಮೂರಿಗೆ ಹೋದೆವು. ನಾಲ್ಕೈದು ರೈತರನ್ನು ಮಾತಾಡಿಸಿದ ಮೇಲೆ, ಕಾಲುವೆ ಕೊನೆಗೊಳ್ಳುವಲ್ಲಿ ಒಣಗಿದ ತೂಬಿನ ಕಲ್ಲಿನ ಮೇಲೆ ಕೂತು ಸುಜಾತಾ ಹೇಳಿದಳು: “ಸರ್, ಈಗ ನಿಮ್ಮದು.”

“ನಾ ಏನು ರೈತನೇನು?”

“ಈ ಊರಾವ್ರು ಹೌದಲ್ರಿ?”

ಒಪ್ಪಿಗೆಯ ಹಾಳೆಯಲ್ಲಿ ‘ಹೆಸರು ಬಳಸಬಾರದು’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಸರಕಾರಿ ನೌಕರನ ರಕ್ತದಲ್ಲೇ ಆ ಗುರುತು ಇರುತ್ತದೆ. ಆಕೆ ಮೊಬೈಲಿನ ರೆಕಾರ್ಡ್ ಒತ್ತಿ ನಮ್ಮಿಬ್ಬರ ನಡುವೆ ಇಟ್ಟಳು. ಮೊದಲ ನೀರು ಬಂದ ವರ್ಷದ ಬಗ್ಗೆ ಕೇಳಿದಳು, ಹೇಳಿದೆ. ಅಪ್ಪನ ಮಾತು, ದೆಹಲಿಯ ಕಾಗದ, ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಆಮೇಲೆ ಕೇಳಿದಳು: “ಮ್ಯಾಲಿನ ಊರವರ ಮ್ಯಾಲ ನಿಮಗ ಸಿಟ್ಟು ಅದ ಏನ್ರಿ ಸರ್?”

“ಸಿಟ್ಟಲ್ಲವ್ವ,” ಎಂದೆ. “ಹೊಟ್ಟಿಕಿಚ್ಚು. ತಡಾ ಮಾಡಿ ನೀರು ಸಿಕ್ಕವನಿಗಿ ಸಿಟ್ಟು ಆಮ್ಯಾಲ ಬರ್ತದ, ಹೊಟ್ಟಿಕಿಚ್ಚು ಮದಲ ಬರ್ತದ. ಅದನ್ನ ಮ್ಯಾಲಿನವರ ಮ್ಯಾಲ ತೀರಿಸಾಕ ಆಗಂಗಿಲ್ಲ. ನಾ ಅದನ್ನ ಒಬ್ಬ ವಿದ್ಯಾರ್ಥಿನಿ ಮ್ಯಾಲ ತೀರಿಸಿಕೊಂಡೆ.” ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ತಡೆಯಲಾಗಲಿಲ್ಲ. ಖಾನೆಯಲ್ಲಿ ಎಂಟು ದಿನ ಮಲಗಿದ ನಮೂನೆ, ವಿಧೇಯ ಸ್ವಭಾವದ ನಾಲ್ಕು ಸಾಲು, ಬರೆಯದೆ ಬಿಟ್ಟ ಆ ಪ್ರಶ್ನೆ.

ಸುಜಾತಾ ತಲೆ ತಗ್ಗಿಸಿ ಕೇಳಿಸಿಕೊಂಡಳು. “ಗೊತ್ತದರಿ ಸರ್. ಅವತ್ತ ಓದೀನಿ. ಆ ಪತ್ರ ನಾ ಕಳಸಲೇ ಇಲ್ಲ. ಶಾಹೀದಾ ಮೇಡಂ ಪ್ರಿನ್ಸಿಪಾಲರ ಕಡಿಂದ ಬ್ಯಾರೆ ಬರಿಸಿಕೊಟ್ರು.”

ಮಗಳ ಪಕ್ಕ ಕೂತಿದ್ದ ಭೀಮವ್ವ ಸೆರಗು ಸರಿಮಾಡಿಕೊಂಡಳು. “ಎರಡು ದಿನ ಉಂಡಿಲ್ಲರಿ ಮಾಸ್ತರ ಇಕಿ. ನಿಮ್ಮ ಮನಿ ಮುಂದ ನಿಂತು ನಾಕು ಮಂದಿ ಕೇಳಂಗ ಬೈದು ಬರ್ತೀನಿ ಅಂತ ನಾ ಎದ್ದಿದ್ದೆ. ಇಕಿನ ಬ್ಯಾಡ ಅಂದಳು.”

“ಈಗ ಬೈಯವ್ವ,” ಎಂದೆ.

“ಈಗ ಏನು ಬೈಯೂದು. ನೀವ ಬೈಕೊಂಡು ಮುಗಿಸೀರಿ.”

ನಾನು ಸುಜಾತಾಳ ಕಡೆಗೆ ತಿರುಗಿದೆ. ಇಷ್ಟೆಲ್ಲ ತಿಳಿದೂ ಎರಡು ವರ್ಷ ವಾರವಾರವೂ ನನಗೇಕೆ ಸಂದೇಶ ಕಳಿಸಿದೆ ಎಂದು ಕೇಳಿದೆ. ಕ್ಷಮೆ, ಗುರುಭಕ್ತಿ ಎಂದೇನಾದರೂ ಹೇಳಿಯಾಳು ಎಂದು, ನಾಚಿಕೆಯಿಲ್ಲದೆ, ಕಾದೆ.

“ಮದಲ ಮದಲ ನಿಮಗ ಹೊಟ್ಟಿ ಉರೀಲಿ ಅಂತ ಕಳಸ್ತಿದ್ದೆರಿ ಸರ್,” ಎಂದಳು. “ಆಮ್ಯಾಲ ರೂಢಿ ಆತು. ಅಲ್ಲಿ ಕೋರ್ಟಿನ ಹೆಸರು, ಕಾಲುವಿ ಹೆಸರು ಎರಡೂ ಹೇಳಿದ್ರ ತಿಳಿಯೋರು ನೀವೊಬ್ಬರ ಇದ್ರಿ. ಸಿಟ್ಟು ಹೋಗ್ಯಾದ ಅಂತ ತಿಳೀಬ್ಯಾಡ್ರಿ, ಇನ್ನಾ ಅದ.” ಹಾಗೆಂದು ಮೊಬೈಲಿನ ಕಡೆ ಬಗ್ಗಿ ನೋಡಿದಳು. “ರೆಕಾರ್ಡ್ ನಡದದ ಸರ್. ಮುಂದಿನ ಪ್ರಶ್ನಿ ಕೇಳ್ಲಿ?”

ಮುಂದಿನ ಬೇಸಿಗೆಯಲ್ಲಿ ಆಕೆಯ ಪ್ರಬಂಧ ನನ್ನ ಮೊಬೈಲಿಗೆ ಬಂತು. ಅದಕ್ಕೆ ವಿಭಾಗದಲ್ಲೇ ಹೆಚ್ಚಿನ ಅಂಕ ಸಿಕ್ಕಿದೆ, ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಾರೆ ಎಂದೂ ತಿಳಿಸಿದ್ದಳು. ಓದುವ ಮೊದಲು ನನ್ನನ್ನು ಹುಡುಕಿದೆ. ಸಿಕ್ಕಿದೆ: ‘ಹದಿನಾಲ್ಕನೆಯ ಉತ್ತರದಾತ, ಕಾಲುವೆಯ ಕೊನೆಭಾಗದವರು.’ ಅದರ ಕೆಳಗೆ ಇಂಗ್ಲಿಷಿನಲ್ಲಿ, ತಡವಾಗಿ ನೀರು ಸಿಕ್ಕವನ ಆ ಮಾತು, ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡದ್ದೂ ಸೇರಿದಂತೆ, ಇಡಿಯಾಗಿ. ಎರಡು ಪುಟ ಹಿಂದೆ ಚನ್ನಬಸಪ್ಪಗೌಡರು ಹೆಸರು, ಊರು, ರುಮಾಲು ಸಮೇತ, ಗೇಟಿನ ಚಕ್ರದ ಮೇಲೆ ಕೈಯಿಟ್ಟು ಭಾವಚಿತ್ರದಲ್ಲಿ ನಿಂತಿದ್ದರು. ಸಾರ್ವಭೌಮತ್ವದ ಒಂದು ವ್ಯಾಖ್ಯೆಯನ್ನೂ ಓದದ ಗೌಡರು ಹೇಗ್ ನಗರದ ಗ್ರಂಥಾಲಯದೊಳಗೆ ಹೆಸರಿನಿಂದ ಪ್ರವೇಶಿಸುತ್ತಾರೆ, ನಾನು ಬರಿಯ ಅಂಕೆಯಾಗಿ! ನನ್ನ ಹೊಟ್ಟೆಯೊಳಗಿನ ಹಳೆಯ ಒಲೆ ಹೊತ್ತಿಕೊಂಡಿತು.

ಗಿರಿಜಾ ಕನ್ನಡಕ ಏರಿಸಿ ಭಾವಚಿತ್ರ ನೋಡಿದಳು. “ಹೆಸರು ಬ್ಯಾಡ ಅಂತ ಸಹಿ ಮಾಡಿ ಬಂದವರು ನೀವು. ಪಾಪ ಆ ಗೌಡ್ರ ಮ್ಯಾಲ ಯಾಕ ಉರಕೋತೀರಿ?” ಎಂದಳು.

ಅಂದೇ ಸುಜಾತಾಳಿಗೆ ಸಂದೇಶ ಕಳಿಸಿದೆ: ‘ಅಚ್ಚು ಹಾಕುವಾಗ ನನ್ನ ಹೆಸರು ಹಾಕು.’ ಸ್ವಲ್ಪ ಹೊತ್ತಿಗೆ ಆಕೆಯೇ ಫೋನ್ ಮಾಡಿದಳು. ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು.

“ಯಾವ ಮಾತಿನ ಕೆಳಗ ಅಂತ ನೆನಪದ ಅಲ್ರಿ ಸರ್?”

“ಅದ.”

“ಕಾಲೇಜಿನ ಹುಡುಗ್ರು ಓದ್ತಾರ. ಶಾಹೀದಾ ಮೇಡಂ ಓದ್ತಾರ. ನಮ್ಮವ್ವಗ ನಾನ ಓದಿ ಹೇಳಾಕಿ.”

“ಹೇಳು. ಹಾಕು.”

ಆ ಕಡೆ ಚೀಲದಿಂದ ಏನೋ ತೆಗೆದ ಸಪ್ಪಳವಾಯಿತು.

“ಹಂಗಾರ ಸ್ಪೆಲ್ಲಿಂಗ್ ಬರೀಸ್ರಿ ಸರ್. ತಪ್ಪಬಾರದು.”

ನಾನು ಎದ್ದು ನಿಂತು, ಹುಡುಗರಿಗೆ ನೋಟ್ಸ್ ಕೊಡುವಷ್ಟೇ ನಿಧಾನವಾಗಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಮೊದಲು ನನ್ನ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಊರಿನದು. ಪ್ರತಿ ಅಕ್ಷರವನ್ನೂ ಆಕೆ ತಿರುಗಿ ಹೇಳಿ ಬರೆದುಕೊಂಡಳು.